ಹತ್ತು ಪೀಸು ಮಡಚಿ ಹೋಗು

ನನಗೆ ಮೊದಲು ಬಂದದ್ದು ಕಣ್ಣು. ಬಾಯಿ ಆಮೇಲೆ ಬಂತು. ಉಕ್ಕಿನ ಹಾಳೆಯಾಗಿ ಮಲಗಿದ್ದ ನನ್ನ ಮೈಮೇಲೆ ಸಾಲಾಗಿ ತೂತು ಹೊಡೆದರು. ಒಂದೊಂದು ತೂತು ಬಿದ್ದಾಗಲೂ ಕಾರ್ಖಾನೆಯ ಬೆಳಕು ಒಂದೊಂದು ಚುಕ್ಕಿಯಾಗಿ ನನ್ನನ್ನು ದಾಟಿ ಹೋಯಿತು. ಒಟ್ಟು ನಲವತ್ತೆಂಟು. ಆಮೇಲೆ ನನ್ನನ್ನು ದುಂಡಗೆ ಬಾಗಿಸಿ, ತಳ ಕೂಡಿಸಿ, ಮೇಲೊಂದು ಮುಚ್ಚಳ ಇಟ್ಟರು. ಕೊನೆಗೆ ಸೊಂಟಕ್ಕೆ ಒಂದು ಪಟ್ಟಿ ತೊಡಿಸಿದರು. ಆ ಪಟ್ಟಿಯಲ್ಲೂ ತೂತುಗಳಿದ್ದವು. ಅದನ್ನು ಒಂದು ಕಡೆ ಸರಿಸಿದರೆ ತೂತಿಗೆ ತೂತು ಕೂಡಿ ನನ್ನ ಕಣ್ಣು ತೆರೆಯುತ್ತಿತ್ತು. ಇನ್ನೊಂದು ಕಡೆ ಸರಿಸಿದರೆ ಮುಚ್ಚುತ್ತಿತ್ತು. ತನ್ನ ರೆಪ್ಪೆಯನ್ನು ತಾನು ತೆರೆಯಲಾರದ ಜೀವ ನಾನು. ತೆರೆಯುವುದಕ್ಕೂ ಮುಚ್ಚುವುದಕ್ಕೂ ಇನ್ನೊಬ್ಬರ ಕೈ ಬೇಕು.

ನಾನು ಆಸ್ಪತ್ರೆಯ ಡ್ರಮ್ಮು, ಬಾರಿಸುವ ಡ್ರಮ್ಮಲ್ಲ. ಗಾಯದ ಮೇಲಿಡುವ ಗಾಜ್ ಬಟ್ಟೆಯನ್ನು ಚೌಕ ಚೌಕವಾಗಿ ಮಡಚಿ ನನ್ನೊಳಗೆ ತುಂಬಿ, ಹಬೆಯಂತ್ರದಲ್ಲಿಟ್ಟು ಕ್ರಿಮಿ ಕೊಲ್ಲುತ್ತಾರೆ. ಯಂತ್ರಕ್ಕೆ ಹೋಗುವ ಮುಂಚೆ ನನ್ನ ಪಟ್ಟಿ ಸರಿಸಿ ಕಣ್ಣು ತೆರೆಯಬೇಕು, ಇಲ್ಲವಾದರೆ ಹಬೆ ಒಳಗೆ ಬರುವುದಿಲ್ಲ. ಹೊರಗೆ ತೆಗೆದ ಕೂಡಲೇ ಮುಚ್ಚಬೇಕು, ಇಲ್ಲವಾದರೆ ಗಾಳಿಯ ಕೊಳೆ ಬರುತ್ತದೆ. ನನ್ನ ಬದುಕಿನ ಧರ್ಮವೆಲ್ಲ ಇಷ್ಟೇ.

ಮಗ್ಗದ ಸದ್ದು ಗೋಡೆ ದಾಟಿ ಬರುವ ಒಂದು ಊರಿನ ಆಸ್ಪತ್ರೆಗೆ ನಾನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬಂದೆ. ಯಾರೋ ನನ್ನ ಮುಚ್ಚಳದ ಮೇಲೆ ಕೆಂಪು ಬಣ್ಣದಿಂದ ಏಳು ಎಂದು ಬರೆದರು. ಮೊದಲ ಕೆಲವು ವರ್ಷ ಆಪರೇಷನ್ ಕೋಣೆಯಲ್ಲಿ ಕಳೆದವು. ಅಲ್ಲಿ ಮುಖಗಳಿರಲಿಲ್ಲ, ಬಟ್ಟೆಯ ಮೇಲಿನ ಕಣ್ಣುಗಳಷ್ಟೇ ಇದ್ದವು. ಆ ವರ್ಷಗಳು ನನಗೆ ಸರಿಯಾಗಿ ನೆನಪಿಲ್ಲ. ಹಬೆಯ ನೆನಪು ಮಾತ್ರ ಇದೆ. ಅದು ನಲವತ್ತೆಂಟು ಕಡೆಯಿಂದ ಒಮ್ಮೆಲೇ ಒಳಗೆ ಬಂದು ಬಟ್ಟೆಯ ಒಂದೊಂದು ಮಡಿಕೆಯನ್ನೂ ಎತ್ತಿ ನೋಡುತ್ತಿತ್ತು. ಆಗ ಒಳಗು ಹೊರಗು ಎಂಬುದೇ ಇರುತ್ತಿರಲಿಲ್ಲ. ನಾನು ಡಬ್ಬಿಯೋ ಮೋಡವೋ ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಆಮೇಲೆ ನನ್ನನ್ನು ಗಂಡಸರ ವಾರ್ಡಿಗೆ ಕೊಟ್ಟರು. ಅಲ್ಲಿಯ ಇನ್‌ಚಾರ್ಜ್ ಸಲೋಮಿ ಸಿಸ್ಟರ್. ದೊಡ್ಡ ಮೈ, ಸಣ್ಣ ದನಿ. ಅವರ ವಾರ್ಡಿನಲ್ಲಿ ಬೇರೆಲ್ಲೂ ಇಲ್ಲದ ಒಂದು ರೂಢಿ ಇತ್ತು. ಮಧ್ಯಾಹ್ನ ಎರಡು ಗಂಟೆಗೆ ಬೆಳಗಿನ ಪಾಳಿ ಮುಗಿಯುತ್ತದೆ. ವಾರ್ಡನ್ನು ಮುಂದಿನ ಪಾಳಿಗೆ ಒಪ್ಪಿಸಿದ ನರ್ಸುಗಳು ಚೀಲ ಹೆಗಲಿಗೇರಿಸಿ ಹೊರಡುವಂತಿರಲಿಲ್ಲ. ಬಟ್ಟೆಗಳ ಕೋಣೆಗೆ ಬಂದು ಮಣೆ, ಸ್ಟೂಲು ಸಿಕ್ಕದ್ದರ ಮೇಲೆ ಕೂತು, ನನ್ನ ಸುತ್ತ ಕಾಲು ಚಾಚಿ, ತಲಾ ಹತ್ತು ಪೀಸು ಗಾಜ್ ಬಟ್ಟೆ ಮಡಚಬೇಕು.

"ವಾರ್ಡನ್ನ ಕೈಯಾಗ ಹಿಡಕೊಂಡು ಮನೀಗೆ ಹೋಗಬ್ಯಾಡ್ರಿ," ಎನ್ನುತ್ತಿದ್ದರು ಸಲೋಮಿ. "ಹತ್ತು ಪೀಸು ಮಡಚಿ ಹೋಗ್ರಿ."

ಮಡಚುವ ಮುಂಚೆ ಮೂರು ಪ್ರಶ್ನೆ ಇರುತ್ತಿದ್ದವು. ನೀರು ಕುಡದಿ? ಊಟಾತು? ಬಾತ್‌ರೂಮಿಗೆ ಹೋಗಿ ಬಂದಿ? ಒಮ್ಮೆ ಹೊಸದಾಗಿ ಬಂದ ಒಬ್ಬಳು ಮೂರನೆಯದಕ್ಕೆ ನಕ್ಕಳು.

"ನಗಬ್ಯಾಡ," ಎಂದರು ಸಲೋಮಿ. "ಪೇಷಂಟಿನ ಉಚ್ಚಿ ಎಷ್ಟು ಎಮ್ಮೆಲ್ ಅಂತ ತಾಸು ತಾಸಿಗೆ ಬರೀತಿ. ನೀ ಆರು ತಾಸಿನಿಂದ ತಡಕೊಂಡು ನಿಂತದ್ದನ್ನ ಯಾರು ಬರೀಬೇಕು?"

ನಾನು ಅವರ ನಡುವೆ ನೆಲದ ಮೇಲೆ ಬಾಯಿ ತೆರೆದು ಕೂತಿರುತ್ತಿದ್ದೆ. ನನಗೆ ಕಾಣುತ್ತಿದ್ದುದು ಗಲ್ಲ, ಮೂಗಿನ ಹೊಳ್ಳೆ, ಬಾಗಿದ ಹಣೆ ಮತ್ತು ಕೈ. ಕೆಳಗಿನಿಂದ ನೋಡಿದರೆ ಮನುಷ್ಯರ ದಣಿವು ಬೇಗ ತಿಳಿಯುತ್ತದೆ. ಚಪ್ಪಲಿ ಬಿಟ್ಟ ಪಾದಗಳು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿರುತ್ತಿದ್ದವು. ಆಯಾ ಮಾಬೂಬಿ ಬೋಗುಣಿಯಲ್ಲಿ ಬಿಸಿನೀರು, ಉಪ್ಪು ಹಾಕಿ ತಂದಿಡುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಕಾಲಿಡುತ್ತಿದ್ದರು. "ಸರದಿ ಹಚ್ರಿ, ಇದೇನು ಗಂಗಾ ಸ್ನಾನ ಅಲ್ಲ," ಎಂದು ಮಾಬೂಬಿ ಗದರುತ್ತಿದ್ದಳು.

ಬಟ್ಟೆ ಮಡಚುವಾಗ ಅಂಚು ಒಳಗೆ ಹೋಗಬೇಕು. ಎಳೆ ಹೊರಗೆ ಉಳಿದರೆ ಗಾಯಕ್ಕೆ ಅಂಟುತ್ತದೆ. ಆ ಗಮನದಲ್ಲಿ ಕಣ್ಣು ಕೆಳಗಿರುತ್ತಿತ್ತು. ಕಣ್ಣು ಕೆಳಗಿದ್ದಾಗ ಮಾತು ತಾನಾಗಿ ಬರುತ್ತದೆ. ಮೊದಲ ಪೀಸುಗಳಲ್ಲಿ ಬೈಗುಳ: ಡಾಕ್ಟರು ಹಾಗೆಂದರು, ರೋಗಿಯ ಮಗ ಹೀಗೆಂದ. ಐದರ ಹೊತ್ತಿಗೆ ನಗು. ಏಳು, ಎಂಟರ ಹೊತ್ತಿಗೆ ಒಂದು ಮೌನ. ಆ ಮೌನದಲ್ಲಿ ಒಬ್ಬಳು ಒಂದು ವಾಕ್ಯ ಹೇಳುತ್ತಿದ್ದಳು. ಯಾರೂ ಉತ್ತರ ಕೊಡುತ್ತಿರಲಿಲ್ಲ. ಸಲೋಮಿ ಏನೋ ಕೀರ್ತನೆಯನ್ನು ಗಂಟಲಲ್ಲೇ ಗುನುಗುತ್ತಿದ್ದರು, ಮಾಬೂಬಿಯ ತುಟಿ ಅಲುಗುತ್ತಿತ್ತು, ಇನ್ಯಾರೋ ಹತ್ತನೆಯ ಪೀಸನ್ನು ಕಣ್ಣಿಗೊತ್ತಿ ನನ್ನೊಳಗೆ ಹಾಕುತ್ತಿದ್ದಳು. ದೇವರ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಹೇಳಿದ ಮಾತೆಲ್ಲ ಬಟ್ಟೆಯೊಂದಿಗೆ ನನ್ನೊಳಗೆ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಹಬೆ ಬಂದು ಎಲ್ಲವನ್ನೂ ಎತ್ತಿ ನೋಡುತ್ತಿತ್ತು. ಹೊರಗೆ ಬಂದಾಗ ಬಟ್ಟೆ ಬಿಳಿಯಾಗಿ, ಹಗುರವಾಗಿ, ಯಾರ ಗಾಯಕ್ಕಾದರೂ ಆಗುವಂತೆ ಇರುತ್ತಿತ್ತು.

ಚಂಪಾ ಬಡಿಗೇರ ಆ ವಾರ್ಡಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಅವಳ ಮಡಿಕೆಯನ್ನು ನಾನು ಸಾವಿರದಲ್ಲಿ ಗುರುತಿಸಬಲ್ಲೆ. ಮರಗೆಲಸದವರ ಮಗಳು, ಮೂಲೆಗೆ ಮೂಲೆ ಕೂಡಿಸಿದ ಮೇಲೆ ಉಗುರಿನಿಂದ ಒಮ್ಮೆ ಗೀರುತ್ತಿದ್ದಳು, ಹಲಗೆಗೆ ಗುರುತು ಹಾಕಿದಂತೆ.

ಆ ದಿನಗಳಲ್ಲಿ ಹನ್ನೊಂದನೆಯ ಮಂಚದಲ್ಲಿ ಈರಪ್ಪಜ್ಜ ಇದ್ದ. ಹಳೆಯ ನೇಕಾರ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ದಿನಾ ಬೆಳಿಗ್ಗೆ ನನ್ನನ್ನು ಗಾಲಿಮೇಜಿನ ಮೇಲಿಟ್ಟುಕೊಂಡು ಚಂಪಾ ಅವನ ಡ್ರೆಸಿಂಗಿಗೆ ಹೋಗುತ್ತಿದ್ದಳು. ನೋವು ತಡೆಯಲು ಅವನು ಗಾಜ್ ಬಟ್ಟೆಯನ್ನು ಬೈಯುತ್ತಿದ್ದ.

"ಇದೇನ ಬಟ್ಟಿ ಅಂತಾರವ್ವ ಇದಕ? ಎಳಿಗೆ ಎಳಿ ಮಾತಾಡಸಂಗಿಲ್ಲ. ನನ್ನ ಮಗ್ಗದಾಗ ಇಂಥಾದ್ದು ನೇಯ್ದಿದ್ರ ಮಾಲಕ ಹೊರಗ ಹಾಕ್ತಿದ್ದ."

"ಜಾಳ ಇದ್ರನ ಗಾಯ ಉಸಿರಾಡತೈತಿ ಅಜ್ಜಾ," ಎನ್ನುತ್ತಿದ್ದಳು ಚಂಪಾ.

"ನನ್ನ ಕಾಲಿಗೆ ಇರೂ ಉಸಿರು ನನಗಿಲ್ಲ ನೋಡು."

ನಲವತ್ತು ದಿನ ಹೀಗೆ ನಡೆಯಿತು. ಬೇರೆಯವರ ಕೈ ಅವನಿಗೆ ಬಿರುಸು. ಅವಳು ಬರದ ದಿನ ಹುಣ್ಣು ಮುಟ್ಟಿಸಿಕೊಳ್ಳಲು ಹಟ ಮಾಡುತ್ತಿದ್ದ. ಸಜ್ಜಿ ರೊಟ್ಟಿ ತಿನ್ನುವ ಆಸೆಯಾಗಿದೆ ಎಂದು ಒಮ್ಮೆ ಹೇಳಿದ್ದ.

ನರ್ಸುಗಳಲ್ಲಿ ಒಂದು ವಾಡಿಕೆ ಇದೆ. ನಾಳೆ ನನಗೆ ರಜೆ ಎಂದು ಅವರು ರೋಗಿಗೆ ಹೇಳುವುದಿಲ್ಲ. ಹೇಳಿದರೆ ರೋಗಿ ಇವತ್ತೇ ಹೆದರುತ್ತಾನೆ. "ನಾಳೆ ಬರ್ತಿಯಲ್ಲ?" ಎಂದರೆ "ಬರ್ತೀನಿ" ಎನ್ನುತ್ತಾರೆ. ಎಲ್ಲರೂ ಹೇಳುವ, ಯಾರಿಗೂ ಸುಳ್ಳೆನಿಸದ ಮಾತು. ಚಂಪಾಳ ವಾರದ ರಜೆ ಗುರುವಾರ. ಆ ವಾರ ಮಾತ್ರ ಅಕ್ಕನ ಸೀಮಂತಕ್ಕೆಂದು ಮಂಗಳವಾರಕ್ಕೆ ಬದಲಿಸಿಕೊಂಡಳು. ಸೋಮವಾರ ಪಟ್ಟಿ ಕಟ್ಟಿ ಏಳುವಾಗ ಅಜ್ಜ ಕೇಳಿದ, "ನಾಳೆ ಬರ್ತಿಯಲ್ಲವ್ವ?"

"ಬರ್ತೀನಜ್ಜ."

ಮಂಗಳವಾರ ಡ್ರೆಸಿಂಗಿಗೆ ಸಲೋಮಿಯೇ ಹೋದರು. ನಾನು ಜೊತೆಗಿದ್ದೆ. ಅಂದು ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಯಾಕೆಂದರೆ ಅದನ್ನು ಕಂಡವರು ಅವರಿಬ್ಬರನ್ನು ಬಿಟ್ಟರೆ ನಾನೊಬ್ಬನೇ.

"ಎಲ್ಲಿ ಆ ಹುಡುಗಿ?" ಎಂದ ಅಜ್ಜ.

"ಬರ್ತಾಳ."

"ಬರ್ತೀನಿ ಅಂದಿತ್ತಲ್ಲ."

ಸಲೋಮಿ ಕಾಲಿನ ಹಳೆಯ ಪಟ್ಟಿ ಬಿಚ್ಚತೊಡಗಿದರು. ಅಜ್ಜ ಬಟ್ಟೆಯನ್ನು ಬೈಯಲಿಲ್ಲ. ಗೋಡೆಯ ಕಡೆ ಹೊರಳಿದ. ಆಮೇಲೆ ಅವನು ಯಾರೊಂದಿಗೂ ಮಾತಾಡಲಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಮಗ್ಗದ ಸದ್ದು ಒಂದು ಗಳಿಗೆ ನಿಂತಂತಾಗಿ, ಅವನ ಉಸಿರು ನಿಂತಿತು. ಪಾಳಿ ಮುಗಿದರೂ ಮನೆಗೆ ಹೋಗದೆ ಉಳಿದಿದ್ದ ಸಲೋಮಿ ನನ್ನೊಳಗಿಂದ ಎರಡು ಪೀಸು ತೆಗೆದು, ನೀರಲ್ಲಿ ಅದ್ದಿ, ಅವನ ರೆಪ್ಪೆಗಳ ಮೇಲೆ ಇಟ್ಟರು. ಎರಡರಲ್ಲೂ ಉಗುರಿನ ಗೀರು ಇತ್ತು.

ಬುಧವಾರ ಚಂಪಾ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು ಹಿಡಿದು ಬಂದಳು. ಹನ್ನೊಂದನೆಯ ಮಂಚದಲ್ಲಿ ಕೈ ಮುರಿದ ಯಾರೋ ಕೂತು ಚಹಾ ಕುಡಿಯುತ್ತಿದ್ದ. ಅವಳು ಅವನ ಹಾಸಿಗೆಯ ಸುಕ್ಕು ಸರಿಮಾಡಿದಳು. ಹೊರಗೆ ಬಂದು ಗಂಟನ್ನು ಮಾಬೂಬಿಯ ಕೈಗಿಟ್ಟು, "ನೀವ ತಿನ್ರಿ," ಎಂದಳು. ಅಷ್ಟೇ.

ಎರಡು ಗಂಟೆಗೆ ಬಂದು ಹತ್ತು ಪೀಸು ಮಡಚಿದಳು. ಏಳು, ಎಂಟರ ಮೌನ ಬಂದು ಹೋಯಿತು. ಅವಳು ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ಆಮೇಲೆ ರಜೆ ತೆಗೆದುಕೊಳ್ಳುವುದನ್ನೇ ಬಿಟ್ಟಳು. ಗುರುವಾರವೂ ಬಂದಳು, ಮುಂದಿನ ಗುರುವಾರವೂ ಬಂದಳು. ಬೇರೆಯವರ ಪಾಳಿ ಕೇಳಿ ಪಡೆದಳು. "ನೀರು ಕುಡದಿ?" ಎಂದರೆ "ಹೂಂ." "ಊಟಾತು?" ಎಂದರೆ "ಹೂಂ." ಕೆಳಗಿನಿಂದ ನೋಡುವ ನನಗೆ ಅವಳ ಕತ್ತಿನ ಎಲುಬು ದಿನಕ್ಕಿಷ್ಟು ಮೇಲೆ ಬರುತ್ತಿದ್ದುದು ಕಾಣುತ್ತಿತ್ತು. ಮಡಿಕೆಯಲ್ಲಿ ಉಗುರಿನ ಗೀರು ಇಲ್ಲವಾಯಿತು.

ಮೂರನೆಯ ವಾರ ಮಾಬೂಬಿ ಬಾಗಿಲು ಓರೆ ಮಾಡಿ ಸಲೋಮಿಗೆ ಹೇಳಿದಳು: "ಸಿಸ್ಟರ್, ಚಂಪವ್ವನ ಏಪ್ರನ್ ಒಗಿಯಾಕ ಹಾಕೂ ಮುಂದ ಕಿಸೆದಾಗ ಕಾಗದ ಸಿಕ್ಕಿತ್ರಿ. ನಾ ಓದಾಕ ಬಾರದಾಕಿ, ನಮ್ಮ ಮಗಳ ಕಡೆ ಓದಿಸಿನಿ. ಕೆಲಸ ಬಿಡೂ ಕಾಗದಂತ. ತಾರೀಖ ಒಂದು ಹಾಕಿಲ್ಲ."

"ಎಲ್ಲೈತಿ ಈಗ?"

"ಇದ್ದಲ್ಲೇ ಇಟ್ಟೀನ್ರಿ. ಆಕಿ ಕಿಸೆ, ಆಕಿ ಕಾಗದ."

ಕೆಲಸ ಬಿಡುವ ಕಾಗದ ಕೊಟ್ಟು ಹೋದವರನ್ನು ಸಲೋಮಿ ನೋಡಿದ್ದರು. ಅಂಥವರು ಇನ್ನೊಂದು ಆಸ್ಪತ್ರೆಗೆ ಹೋಗುತ್ತಿದ್ದರು. ಈ ಹುಡುಗಿ ಹಾಗಲ್ಲ, ಇವಳು ಹೋದರೆ ಇನ್ನೆಂದೂ ಯಾರ ಗಾಯವನ್ನೂ ಮುಟ್ಟುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರು ನನ್ನ ಮುಚ್ಚಳದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದರು. ಆ ಅಂಗೈಯ ಬಿಸಿ ನನಗೆ ನೆನಪಿದೆ.

ಅದಾದ ಎರಡನೆಯ ದಿನ ಡ್ರಮ್ಮುಗಳನ್ನು ಯಂತ್ರಕ್ಕೆ ಕಳಿಸುವ ಸರದಿ ಚಂಪಾಳದು. ಅವಳು ನನ್ನನ್ನು ತುಂಬಿದಳು, ಮುಚ್ಚಳ ಹಾಕಿದಳು, ಕೊಂಡಿ ಸಿಕ್ಕಿಸಿದಳು. ಪಟ್ಟಿ ಸರಿಸಲಿಲ್ಲ. ನರ್ಸಾದವಳು ನಿದ್ದೆಯಲ್ಲೂ ಮರೆಯಬಾರದ ಕೆಲಸ ಅದು. ನಾನು ಕಣ್ಣು ಮುಚ್ಚಿಕೊಂಡೇ ಯಂತ್ರದೊಳಗೆ ಹೋದೆ.

ಆ ಅರ್ಧ ತಾಸನ್ನು ನಾನು ಮರೆಯಲಾರೆ. ಹೊರಗೆ ಹಬೆ ಬಂತು. ನನ್ನ ಮೈಯನ್ನು ಸುತ್ತಿತು, ತಡಕಾಡಿತು, ಎಲ್ಲಿ ಬಾಗಿಲು ಎಂದು ಕೇಳಿತು. ಮೈ ಸುಡುತ್ತಿತ್ತು. ಒಳಗೆ ಮಾತ್ರ ಒಣ ಕತ್ತಲು, ನಿನ್ನೆಯ ಗಾಳಿ, ನಿನ್ನೆಯ ಬಟ್ಟೆ. ಎಲ್ಲರೂ ಬಂದು ಕರೆಯುತ್ತಿದ್ದಾರೆ, ಎದ್ದು ಬಾಗಿಲು ತೆರೆಯಲು ಆಗುತ್ತಿಲ್ಲ ಎಂಬ ಕನಸು ಕೆಲವರಿಗೆ ಬೀಳುತ್ತದಂತೆ. ನನಗೆ ಆವತ್ತು ಆ ಕನಸು ಬಿತ್ತು. ಆಗ ನನಗೆ ಚಂಪಾ ಅರ್ಥವಾದಳು.

ಬಟ್ಟೆಯ ನಟ್ಟನಡುವೆ ಒಂದು ತುಂಡು ಟೇಪು ಇಡುವುದು ಸಲೋಮಿಯ ಪದ್ಧತಿ. ಹಬೆ ತಾಗಿದರೆ ಅದರ ಗೆರೆಗಳು ಕಪ್ಪಾಗುತ್ತವೆ. ಅಂದು ಅವರು ನನ್ನ ಮುಚ್ಚಳ ತೆರೆದು ಟೇಪು ಎತ್ತಿದರು. ಗೆರೆಗಳು ಹಾಗೇ ಬಿಳಿಚಿಕೊಂಡಿದ್ದವು. ನನ್ನ ಪಟ್ಟಿಯನ್ನು ನೋಡಿದರು. ನನ್ನೊಳಗಿನ ಒಂದು ಪೀಸೂ ಇನ್ನೂ ಯಾರ ಗಾಯಕ್ಕೂ ಹೋಗಿರಲಿಲ್ಲ.

ಎರಡು ಗಂಟೆಗೆ ಎಲ್ಲರೂ ಬಂದಾಗ, "ಇವತ್ತ ನೀವೆಲ್ಲ ಮನೀಗೆ ಹೋಗ್ರಿ. ಚಂಪಾ, ನೀ ಕುಂದ್ರು," ಎಂದರು. ಟೇಪನ್ನು ಅವಳ ಅಂಗೈಯಲ್ಲಿಟ್ಟರು.

ಚಂಪಾ ಅದನ್ನು ನೋಡಿದಳು. ಕೈ ತಾನಾಗಿ ಕಿಸೆಗೆ ಹೋಯಿತು. "ಅಕ್ಕಾರ, ನಾ ಈ ಕೆಲಸಕ್ಕ ಸಲ್ಲೂದಿಲ್ಲ."

"ಅದು ಆಮ್ಯಾಲೆ. ಮೊದಲ ಇದನ್ನೆಲ್ಲ ಬಿಚ್ಚಿ ತಿರುಗಿ ಮಡಚೂಣು."

ಅರವತ್ತು ಪೀಸು. ಸಲೋಮಿ ನೆಲದ ಮೇಲೆ ಕಷ್ಟಪಟ್ಟು ಕೂತರು. ಅವರ ಮೊಣಕಾಲು ಆಗಲೇ ಸದ್ದು ಮಾಡುತ್ತಿತ್ತು. ಇಬ್ಬರೂ ಬಿಚ್ಚಿದರು, ಮಡಚಿದರು. ಕಿಟಕಿಯ ಬಿಸಿಲು ನನ್ನ ಅಂಚಿನಿಂದ ಇಳಿದು ನೆಲಕ್ಕೆ ಹೋಯಿತು. ಹತ್ತು ದಾಟಿತು, ಇಪ್ಪತ್ತು ದಾಟಿತು. ಮಾಬೂಬಿ ಬೋಗುಣಿ ತಂದಿಟ್ಟು, ಹೇಳದೆ ಕೇಳದೆ ಚಂಪಾಳ ಕಾಲನ್ನು ಎತ್ತಿ ನೀರೊಳಗಿಟ್ಟು ಹೋದಳು. ಮೂವತ್ತು ದಾಟಿತು. ಎಷ್ಟನೆಯದೋ ಪೀಸಿನಲ್ಲಿ ಚಂಪಾಳ ಕೈ ನಿಂತಿತು.

"ನಾ ಬರ್ತೀನಿ ಅಂದಿದ್ದೆರಿ."

ಸಲೋಮಿ ಮಡಚುತ್ತಲೇ ಇದ್ದರು.

"ಬರೂದಿಲ್ಲಂತ ಗೊತ್ತಿತ್ತು. ಬರ್ತೀನಿ ಅಂದೆ. ಅಜ್ಜ ದಾರಿ ನೋಡಿಕೋತ ಹೋದ. ಅಲ್ರಿ ಅಕ್ಕಾರ?"

ಸಲೋಮಿ ಉಸಿರೆಳೆದುಕೊಂಡರು. ಅವರು ಏನು ಹೇಳುತ್ತಾರೆಂದು ನಾನೂ ಕಾದೆ.

"ಇಲ್ಲ," ಎಂದರು. "ಅಜ್ಜಗ ಗೊತ್ತಿತ್ತು. ಡ್ರೆಸಿಂಗ್ ಮಾಡೂ ಮುಂದ ತಾನ ಹೇಳಿದ. ಇವತ್ತ ಆ ಹುಡುಗಿ ರಜಾ ಐತಿ, ನಾ ವಾರಾ ಎಣಿಸಿಟ್ಟೀನಿ, ಹೇಳಾಕ ನಾಚಿಕೋತೈತಿ ಅಂದ. ನಿನ್ನ ಕೈ ಬಿರುಸು ಐತಿ, ಆಕಿ ಕಡೆ ಕಲಕೋ ಅಂತ ನನ್ನ ಬೈದ. ನಕ್ಕ."

ಚಂಪಾ ಅವರ ಮುಖವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಮಡಚುತ್ತಿದ್ದ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಸದ್ದಿಲ್ಲದ ಅಳು. ಭುಜ ಮಾತ್ರ ಅಲುಗುತ್ತಿತ್ತು. ಸಲೋಮಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಅತ್ತು ಮುಗಿದ ಮೇಲೆ, "ಆ ಪೀಸು ಒಗಿಯಾಕ ಹಾಕು. ಬ್ಯಾರೆ ತಗೋ," ಎಂದರು.

ಮರುದಿನ ನನ್ನನ್ನು ಯಂತ್ರಕ್ಕೆ ಕಳಿಸುವಾಗ ಚಂಪಾ ಪಟ್ಟಿ ಸರಿಸಿದಳು. ನಲವತ್ತೆಂಟು ಕಣ್ಣೂ ತೆರೆದಿವೆಯೇ ಎಂದು ಬೆರಳಿಟ್ಟು ನೋಡಿದಳು. ಹಬೆ ಒಳಗೆ ಬಂತು. ಬಂದು ಎಲ್ಲವನ್ನೂ ಎತ್ತಿ ನೋಡಿತು, ಆ ಸುಳ್ಳನ್ನೂ ನೋಡಿತು. ಸುಳ್ಳು ಕ್ರಿಮಿಯಂತೆ ಸಾಯಲಿಲ್ಲ. ಬಟ್ಟೆಯಂತೆ ಬಿಳಿಯಾಗಿ ಅಲ್ಲೇ ಉಳಿಯಿತು.

ಮುಂದಿನ ಗುರುವಾರ ಚಂಪಾ ಕೆಲಸಕ್ಕೆ ಬರಲಿಲ್ಲ. ರಜೆ ತೆಗೆದುಕೊಂಡಿದ್ದಳು. ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ವರ್ಷಗಳು ಹೋದವು. ಸಲೋಮಿ ನಿವೃತ್ತರಾದರು. ಆ ಖುರ್ಚಿಗೆ ಚಂಪಾ ಬಂದಳು. ಮೂರು ಪ್ರಶ್ನೆಗಳನ್ನು ಅವಳು ಬಿಡಲಿಲ್ಲ, ಹತ್ತು ಪೀಸನ್ನೂ ಬಿಡಲಿಲ್ಲ. ಹೊಸದೊಂದು ರೂಢಿ ಹಾಕಿದಳು. ರಜೆಯ ಹಿಂದಿನ ದಿನ ನರ್ಸು ತನ್ನ ರೋಗಿಗೆ ಹೇಳಲೇಬೇಕು. ನಾಳೆ ಬರುವವಳನ್ನು ಕೈಹಿಡಿದು ಮಂಚದ ಹತ್ತಿರ ಕರೆದೊಯ್ದು, "ನಾಳೆ ನನ್ನ ರಜಾ, ಈಕಿ ಬರ್ತಾಳ, ಹೆಸರು ಇಂಥಾದ್ದು," ಎನ್ನಬೇಕು. ಕೆಲವು ರೋಗಿಗಳು ಹೆದರಿದರು. ಕೆಲವರು ರಜೆಯಲ್ಲಿ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರು. ಒಬ್ಬ, "ಹೋಗಿ ಮಲಕೋ, ಕಣ್ಣು ನೋಡು ಹೆಂಗಾಗ್ಯಾವು," ಎಂದ.

ಆಮೇಲೆ ಕಾಗದದ ಪೊಟ್ಟಣಗಳು ಬಂದವು. ಒಳಗೆ ಮಡಚಿದ, ಕ್ರಿಮಿ ಕೊಂದ ಬಟ್ಟೆ. ಹರಿದರೆ ಸಾಕು. ಡ್ರಮ್ಮುಗಳನ್ನೆಲ್ಲ ಹಳೆಯ ಸಾಮಾನಿನ ಗಾಡಿಗೆ ಹಾಕಿದರು. ನಾನೂ ಹೋಗಬೇಕಿತ್ತು. ಪಟ್ಟಿ ಬಿಗಿದು ಸರಿಯದಂತಾಗಿತ್ತು, ಕೊಂಡಿ ಸಡಿಲಾಗಿತ್ತು. ಚಂಪಾ ಮುಚ್ಚಳದ ಮೇಲಿನ ಏಳನ್ನು ನೋಡಿ ನನ್ನನ್ನು ಗಾಡಿಯಿಂದ ಕೆಳಗಿಳಿಸಿದಳು. ಮನೆಗೆ ಒಯ್ದು ಕುದಿಸಿ, ತೊಳೆದು, ನರ್ಸುಗಳ ಕೋಣೆಯ ಕಪಾಟಿನ ಮೇಲೆ ಕೂರಿಸಿದಳು. ಈಗ ನನ್ನೊಳಗೆ ಶೇಂಗಾ ಉಂಡೆ ಇರುತ್ತವೆ. ಪಾಳಿ ಮುಗಿಸಿದವರು ಒಂದೊಂದು ತೆಗೆದುಕೊಳ್ಳಬೇಕು. ಇರುವೆ ಬರದಂತೆ ಕಣ್ಣಿಗೆ ಹೊರಗಿನಿಂದ ಟೇಪು ಅಂಟಿಸಿದ್ದಾರೆ. ಮುದುಕಿ ಮಾಬೂಬಿ ಕೆಲಸದಿಂದ ನಿವೃತ್ತಳಾಗುವ ಮುಂಚೆ ನನ್ನನ್ನು ನೋಡಿ, "ಈ ಉಂಡಿಗೆ ಯಾವ ರೋಗಾನೂ ಹತ್ತಂಗಿಲ್ಲ ಬಿಡ್ರಿ," ಎಂದಿದ್ದಳು. ಮಡಚಲು ಹಳೆಯ ಸೀರೆಯ ತುಂಡುಗಳನ್ನು ಚಂಪಾ ಒಂದು ಬುಟ್ಟಿಯಲ್ಲಿಟ್ಟಿದ್ದಾಳೆ. ಅವು ಯಾವ ಗಾಯಕ್ಕೂ ಹೋಗುವುದಿಲ್ಲ. ಆದರೂ ಎರಡು ಗಂಟೆಗೆ ಅವರು ಮಡಚುತ್ತಾರೆ.

ಹೋದ ತಿಂಗಳು ಸಲೋಮಿ ಬಂದಿದ್ದರು. ಈಗ ಅವರಿಗೂ ಸಕ್ಕರೆ. ಪಾದದಲ್ಲಿ ಸಣ್ಣ ಹುಣ್ಣು, ದಿನಾ ಡ್ರೆಸಿಂಗು. ಚಂಪಾ ತಾನೇ ಕಟ್ಟಿ, ಕೋಲು ಹಿಡಿಸಿ, ಈ ಕೋಣೆಗೆ ಕರೆತಂದಳು. ಸಲೋಮಿ ಕೂತ ಕೂಡಲೇ ಕೈ ಬುಟ್ಟಿಗೆ ಹೋಯಿತು. ಮಡಚತೊಡಗಿದರು.

"ನಾಳೆ ನನ್ನ ರಜಾ ಅಕ್ಕಾರ," ಎಂದಳು ಚಂಪಾ. "ಪುಷ್ಪಾ ಕಟ್ತಾಳ."

"ಬರ್ತೀನಿ ಅಂತ ಸುಮ್ಮನ ಅನ್ನಾಕ ಏನಾಗಿತ್ತು ನಿನಗ? ನಾನೂ ಸುಮ್ಮನ ನಂಬ್ತಿದ್ದೆ."

ಚಂಪಾ ನಕ್ಕಳು. ತಾನೂ ಒಂದು ತುಂಡು ತೆಗೆದುಕೊಂಡಳು. ಇಬ್ಬರೂ ಮಡಚಿದರು. ಏಳಾಯಿತು. ಎಂಟಾಯಿತು.

"ನನ್ನ ರಜಾ ಗುರುವಾರ ಇತ್ರಿ," ಎಂದಳು ಚಂಪಾ, ಕಣ್ಣೆತ್ತದೆ. "ಆ ವಾರ ಒಂದ ಮಂಗಳವಾರ ತಗೊಂಡಿದ್ದೆ. ವಾರಾ ಎಣಿಸಿದವರಿಗೆ ಅದು ತಿಳಿಯೂದು ಹೆಂಗ?"

ಸಲೋಮಿಯ ಕೈ ನಿಂತಿತು.

"ಅವತ್ತ ಗೊತ್ತಾಗಿತ್ತೇನು?"

"ಅವತ್ತ, ಆ ಗಳಿಗಿಗೇ."

"ಮತ್ತ ಯಾಕ ಉಳದಿ?"

ಚಂಪಾ ಮೂಲೆಗೆ ಮೂಲೆ ಕೂಡಿಸಿ ಉಗುರಿನಿಂದ ಗೀರಿದಳು. "ಚಾರ್ಟಿನ್ಯಾಗ ಅರ್ಧ ಡಿಗ್ರಿ ಜ್ವರ ಸುಳ್ಳು ಬರದ್ರ ಕೈಗೆ ಹೊಡೀತಿದ್ರಿ ನೀವು. ಅಂಥಾವ್ರು ನನ್ನ ಸಲುವಾಗಿ ಇಷ್ಟ ದೊಡ್ಡ ಸುಳ್ಳು ಹೇಳಿದ್ರಿ. ಅದನ್ನ ಕೇಳಿದ ಮ್ಯಾಲೆ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ."

ಆ ಸತ್ಯವನ್ನು ಇಷ್ಟು ವರ್ಷ ಸಲೋಮಿಯೂ ನಾನೂ ಮಾತ್ರ ಹೊತ್ತಿದ್ದೇವೆ ಎಂದುಕೊಂಡಿದ್ದೆ. ಮೂವರೂ ಅದನ್ನು ಬೇರೆ ಬೇರೆ ಹೊತ್ತುಕೊಂಡಿದ್ದೆವು, ಒಬ್ಬರಿಗೊಬ್ಬರು ಭಾರವಾಗಬಾರದೆಂದು. ಸಲೋಮಿ ಹತ್ತನೆಯದನ್ನು ಮಡಚಿ ಮೊಣಕಾಲ ಮೇಲಿಟ್ಟು, ಅದನ್ನು ಸವರಿದರು. ಕಿಟಕಿಯಾಚೆ ಎಲ್ಲೋ ಒಂದು ಮಗ್ಗ ಆಡುತ್ತಿತ್ತು. ಈಗ ಊರಲ್ಲಿ ಮಗ್ಗಗಳು ಕಡಿಮೆ.

"ನೀರು ಕುಡದಿ?" ಎಂದರು ಸಲೋಮಿ.

"ಹೂಂ."

"ಖರೇನ?"

"ಖರೇನ್ರಿ."

ಸಲೋಮಿ ಎದ್ದು ಕಪಾಟಿನ ಹತ್ತಿರ ಬಂದು, ನನ್ನ ಮುಚ್ಚಳ ತೆಗೆದು, ಒಂದು ಉಂಡೆ ಎತ್ತಿಕೊಂಡರು. ಚಂಪಾ ಹಿಂದಿನಿಂದ ಬಂದು ಅವರ ಕೈ ಹಿಡಿದಳು. "ಸಕ್ಕರಿ ಎಷ್ಟೈತಿ ನೆನಪೈತೇನ್ರಿ?" ಉಂಡೆಯನ್ನು ಮುರಿದು ಕಾಲು ಭಾಗ ಅವರ ಬಾಯಿಗಿಟ್ಟಳು. ಉಳಿದದ್ದು ನನ್ನೊಳಗೆ ತಿರುಗಿ ಬಂತು. ಮುಚ್ಚಳ ಹಾಕುವುದನ್ನು ಇಬ್ಬರೂ ಮರೆತು ಹೋದರು. ಅಂದು ಸಂಜೆಯವರೆಗೆ ನಾನು ಬಾಯಿ ತೆರೆದುಕೊಂಡು ಬೆಳಕು ನೋಡುತ್ತ ಕೂತಿದ್ದೆ.